ಕೋಟುಗಳ ಹಿಂದಿದ್ದ ಸ್ಟೂಲು

ಕಳೆದ ತಿಂಗಳು ಸಂಘದಿಂದ ಕಲಾ ಗ್ಯಾಲರಿಗೆ ಹೋಗಿದ್ದೆವಲ್ಲ, ಅದರ ಫೋಟೋಗಳು ಈ ಸಂಚಿಕೆಯ ಹಿಂಪುಟದಲ್ಲಿವೆ. ಎಲ್ಲರೂ ನಗುತ್ತಿದ್ದಾರೆ. ಆ ಫೋಟೋಗಳಲ್ಲಿ ಇಲ್ಲದ ಒಬ್ಬರ ವಿಷಯ ಹೇಳಬೇಕು. ನಮ್ಮ ಸದಸ್ಯರೊಬ್ಬರ ತಾಯಿ ಎರಡನೇ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಒಬ್ಬರೇ ಕೂತಿದ್ದರು. ಮಂಡಿನೋವು. "ನೀವೆಲ್ಲ ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅಂದರು. ನಾವೂ ಹೂಂ ಅಂದು ಹೊರಟೇಬಿಟ್ಟೆವು. ಕೊನೆಗೆ ಕೋಟು ತೆಗೆದುಕೊಳ್ಳಲು ಕ್ಲೋಕ್‌ರೂಮಿಗೆ ಹೋದಾಗ, ಕೋಟುಗಳ ಸಾಲಿನ ಹಿಂದೆ ಗೋಡೆಯ ಗೂಟಗಳಿಗೆ ಏಳೆಂಟು ಮಡಚುವ ಸ್ಟೂಲು ನೇತುಹಾಕಿದ್ದು ಕಣ್ಣಿಗೆ ಬಿತ್ತು. ಇವು ಯಾರಿಗೆ ಎಂದು ಕೇಳಿದೆ. "ಬೇಕು ಅಂದವರಿಗೆ" ಎಂದಳು ಅಲ್ಲಿದ್ದ ಹುಡುಗಿ. "ಆದ್ರೆ ಕೇಳೋರೇ ಇಲ್ಲ." ಮೂಲೆಯಲ್ಲಿ ಎರಡು ಗಾಲಿಕುರ್ಚಿಗಳೂ ಇದ್ದವು.

ಹನ್ನೊಂದು ವರ್ಷದಿಂದ ಆ ಗ್ಯಾಲರಿಗೆ ಹೋಗುತ್ತಿದ್ದೇನೆ. ಯಾವ ಕೋಣೆಯಲ್ಲಿ ಯಾವ ಚಿತ್ರವಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ ಎಂಬ ಜಂಬ ಬೇರೆ. ಸ್ಟೂಲಿನ ವಿಷಯ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಒಂದು ದಿನವೂ ಅಲ್ಲಿ ಏನನ್ನೂ ಕೇಳಿದವನಲ್ಲ. ನಮ್ಮಲ್ಲಿ ಬಹಳ ಮಂದಿ ಸಾರ್ವಜನಿಕ ಗ್ಯಾಲರಿಗೆ ಹೋಗುವುದು ಹೊಸ ಬೀಗರ ಮನೆಗೆ ಹೋದ ಹಾಗೆ. ತೋರಿಸಿದ್ದನ್ನು ನೋಡುತ್ತೇವೆ, ಪಿಸುಮಾತಾಡುತ್ತೇವೆ, ಬಾಯಾರಿದರೂ ನೀರು ಕೇಳುವುದಿಲ್ಲ, ಎರಡು ಫೋಟೋ ತೆಗೆದುಕೊಂಡು ಹೋದ ಪುಟ್ಟ ಬಂದ ಪುಟ್ಟ ಎಂದು ಮನೆ ಸೇರುತ್ತೇವೆ. ತೆರಿಗೆ ಹಣದಿಂದಲೋ ಜನರು ಕೊಟ್ಟ ಕೊಡುಗೆಯಿಂದಲೋ ನಡೆಯುವ ಜಾಗ ಅದು. ಇಷ್ಟು ಸಂಕೋಚ ಯಾಕೆ ಎಂದು ಆ ಸ್ಟೂಲುಗಳನ್ನು ನೋಡಿದಾಗಿನಿಂದ ಯೋಚಿಸುತ್ತಿದ್ದೇನೆ.

ಗ್ಯಾಲರಿ ಸುತ್ತುವವರ ಆಯಾಸದ ಬಗ್ಗೆ ನೂರು ವರ್ಷದ ಹಿಂದೆಯೇ ಒಬ್ಬರು ತಲೆಕೆಡಿಸಿಕೊಂಡಿದ್ದರು. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ 'ಮ್ಯೂಸಿಯಂ ಆಯಾಸ' ಎಂಬ ಲೇಖನ ಬರೆದರು. ಗಾಜಿನ ಪೆಟ್ಟಿಗೆಗಳಲ್ಲಿಟ್ಟ ವಸ್ತುಗಳನ್ನು ನೋಡಲು ಒಬ್ಬ ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ಕುಕ್ಕರಿಸಬೇಕು ಎಂಬುದನ್ನು ಸಾಲುಸಾಲು ಫೋಟೋ ತೆಗೆಸಿ ತೋರಿಸಿದರು. ಸೂಟು ಹಾಕಿದ ಗಂಭೀರ ವ್ಯಕ್ತಿ ಕಳೆದುಹೋದ ಕಾಸು ಹುಡುಕುವವನಂತೆ ಬಗ್ಗಿ ನಿಂತ ಆ ಚಿತ್ರಗಳನ್ನು ನೋಡಿದರೆ ನಗು ಬರುತ್ತದೆ. ತಪ್ಪು ನೋಡುಗನದಲ್ಲ, ಜೋಡಿಸಿಟ್ಟವರದು ಎಂಬುದು ಅವರ ವಾದ. ಇಂದು ಕೋಣೆಯ ನಡುವೆ ಬೆಂಚು ಇರುವುದು, ಲೇಬಲ್ಲುಗಳು ಓದುವ ಎತ್ತರದಲ್ಲಿರುವುದು ಈ ಬಗೆಯ ಯೋಚನೆಯಿಂದಲೇ. ಜನರ ಜೊತೆ ನಿಂತು ಚಿತ್ರಗಳ ಬಗ್ಗೆ ಮಾತಾಡುವ 'ಡೋಸೆಂಟ್' ಎಂಬ ವ್ಯವಸ್ಥೆಯನ್ನು ಅಲ್ಲಿ ತಂದವರೂ ಇದೇ ಗಿಲ್ಮನ್.

ಡೋಸೆಂಟರ ವಿಷಯಕ್ಕೆ ಬಂದರೆ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅಂದು ನಾವು ಇಪ್ಪತ್ತಮೂರು ಜನ ಮುಂಚಿತವಾಗಿ ತಿಳಿಸದೆ ನುಗ್ಗಿದೆವು. ಒಳಗೆ ನಮ್ಮವರೊಬ್ಬರು ಗಟ್ಟಿದನಿಯಲ್ಲಿ ವಿವರಣೆ ಶುರುಮಾಡಿದಾಗ ಅಟೆಂಡೆಂಟ್ ಬಂದು ತಡೆದರು. ನಮ್ಮಲ್ಲಿ ಕೆಲವರಿಗೆ ಇದರಿಂದ ಬೇಸರವಾಯಿತು, ನಮ್ಮ ಮೈಬಣ್ಣ ನೋಡಿ ಹೀಗೆ ಮಾಡಿದರು ಎಂದೂ ಒಬ್ಬರು ಅಂದರು. ನನಗೆ ಹಾಗನ್ನಿಸಲಿಲ್ಲ. ಗುಂಪಿಗೆ ಮೊದಲೇ ಬುಕ್ ಮಾಡಿದರೆ ಸಮಯ ಗೊತ್ತುಮಾಡಿ ಕೊಡುತ್ತಾರೆ. ಅವರದೇ ಮಾರ್ಗದರ್ಶಕರು ಇದ್ದಾರೆಯೇ, ನಮ್ಮವರೇ ಕನ್ನಡದಲ್ಲಿ ವಿವರಿಸಬಹುದೇ ಎಂಬುದನ್ನು ಆಗಲೇ ಮಾತಾಡಿಕೊಳ್ಳಬಹುದು. ಒಂದು ಇಮೇಲಿನ ಕೆಲಸ. ಆಡಿಯೋ ಗೈಡಿನಲ್ಲಿ ಕನ್ನಡ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಆ ಯಂತ್ರಕ್ಕೂ ವಯಸ್ಸಾಗಿದೆ, 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ಕಿವಿಗೆ ಹಾಕಿಕೊಳ್ಳುವ ರೇಡಿಯೋ ವಿವರಣೆ ಶುರುಮಾಡಿತ್ತು. ಕನ್ನಡ ಬೇಕಿದ್ದರೆ ನಾವೇ ಬಾಯಿ ತೆರೆಯಬೇಕು, ಅಪ್ಪಣೆ ತೆಗೆದುಕೊಂಡು.

ಬ್ಯಾಗು ಒಳಗೆ ಬಿಡುವುದಿಲ್ಲ, ಬಿಟ್ಟರೂ ಬೆನ್ನಿನಿಂದ ಇಳಿಸಿ ಕೈಯಲ್ಲಿ ಹಿಡಿಯಿರಿ ಅನ್ನುತ್ತಾರೆ ಎಂಬುದು ಸಾಮಾನ್ಯ ದೂರು. ಬೆನ್ನಿಗೆ ಬ್ಯಾಗು ಹಾಕಿಕೊಂಡವರು ತಿರುಗಿದಾಗ ಅದು ಎಲ್ಲಿಗೆ ತಾಗುತ್ತದೆಂದು ಅವರಿಗೇ ಗೊತ್ತಾಗುವುದಿಲ್ಲ, ಅಷ್ಟೇ ವಿಷಯ. ಫೋಟೋದ ನಿಯಮ ಇನ್ನೂ ಗೊಂದಲದ್ದು. ಗ್ಯಾಲರಿಯ ಸ್ವಂತ ಸಂಗ್ರಹವನ್ನು ಫ್ಲ್ಯಾಶ್ ಇಲ್ಲದೆ ತೆಗೆಯಲು ಹೆಚ್ಚಿನ ಕಡೆ ಬಿಡುತ್ತಾರೆ. ಬೇರೆಡೆಯಿಂದ ತಾತ್ಕಾಲಿಕವಾಗಿ ತಂದ ಚಿತ್ರಗಳಿಗೆ ಕೊಟ್ಟವರ ಷರತ್ತು ಇರುತ್ತದೆ, ಇತ್ತೀಚಿನ ಕಲಾವಿದರ ಕೃತಿಗಳಿಗೆ ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ. ಅದಕ್ಕೇ ಒಂದು ಕೋಣೆಯಲ್ಲಿ ಸರಿ, ಪಕ್ಕದ ಕೋಣೆಯಲ್ಲಿ ತಪ್ಪು. ಆದರೆ ಚಿತ್ರದ ಒಳ್ಳೆಯ ಪ್ರತಿ ಬೇಕಿದ್ದರೆ ಫೋನಿನಲ್ಲಿ ಯಾಕೆ ಒದ್ದಾಡಬೇಕು? ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2012ರಿಂದ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಿಂದ, ಹಕ್ಕುಸ್ವಾಮ್ಯ ಮುಗಿದ ಕೃತಿಗಳ ದೊಡ್ಡ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಲು ಬಿಟ್ಟಿವೆ. ನಮ್ಮ ಯುಗಾದಿ ಸಂಚಿಕೆಯ ಮುಖಪುಟಕ್ಕೆ ಕಳೆದ ವರ್ಷ ಹೂವಿನ ಚಿತ್ರ ಬಂದದ್ದು ಹಾಗೆಯೇ.

ಅದೇ ಮೆಟ್ರೋಪಾಲಿಟನ್‌ನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನ ಒಂದು ಶ್ರೇಷ್ಠ ಚಿತ್ರದ ಮುಂದೆ ಸರಾಸರಿ 27 ಸೆಕೆಂಡು ನಿಲ್ಲುತ್ತಾರೆಂದು ಕಂಡುಬಂತು. ಮೊದಲು ಓದಿದಾಗ ಅಯ್ಯೋ ಅನ್ನಿಸಿತ್ತು. ಕಳೆದ ತಿಂಗಳು ನಮ್ಮವರನ್ನು ನೋಡಿದ ಮೇಲೆ 27 ಬಹಳವಾಯಿತು ಅನ್ನಿಸುತ್ತಿದೆ.

ನಿಧಾನವಾಗಿ ನೋಡಬೇಕೆನ್ನುವವರಿಗೆ ನಾನು ಹೇಳುವ ಜಾಗ ಒಂದಿದೆ. ಗೋಡೆಯ ಮೇಲೆ ಕಾಣುವುದು ದೊಡ್ಡ ಗ್ಯಾಲರಿಗಳ ಸಂಗ್ರಹದ ಚಿಕ್ಕ ಪಾಲು. ಕಾಗದದ ಮೇಲಿನ ಕೃತಿಗಳಂತೂ, ಅಂದರೆ ರೇಖಾಚಿತ್ರ, ಜಲವರ್ಣ, ಎಚಿಂಗ್ (ಲೋಹದ ತಗಡಿನಲ್ಲಿ ಗೆರೆ ಮೂಡಿಸಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ), ಬಹುತೇಕ ಪೆಟ್ಟಿಗೆಯೊಳಗೇ ಇರುತ್ತವೆ. ಬೆಳಕು ಅವನ್ನು ತಿನ್ನುತ್ತದೆ, ತಿಂದದ್ದನ್ನು ಮರಳಿ ಪಡೆಯುವ ಉಪಾಯವಿಲ್ಲ. ಆದ್ದರಿಂದ ತೈಲಚಿತ್ರಕ್ಕೆ ಸುಮಾರು 200 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಕೊಟ್ಟರೆ ಇವಕ್ಕೆ 50 ಮಾತ್ರ, ಅದೂ ಕೆಲವು ತಿಂಗಳು; ಆಮೇಲೆ ಕತ್ತಲೆಯಲ್ಲಿ ವಿಶ್ರಾಂತಿ. ("ದೀಪ ಹಾಕೋಕೂ ಜಿಪುಣತನ" ಎಂದು ಗೊಣಗಿದವರಿಗೆ ಇದು ಉತ್ತರ.) ಆದರೆ ಆ ಪೆಟ್ಟಿಗೆಗಳನ್ನು ತೆರೆಸಿ ನೋಡಬಹುದು. ಇಂಥ ಸಂಗ್ರಹವಿರುವ ಅನೇಕ ಗ್ಯಾಲರಿಗಳಲ್ಲಿ ಪ್ರಿಂಟ್ ರೂಮ್ ಅಥವಾ ಸ್ಟಡಿ ರೂಮ್ ಎಂಬ ಕೋಣೆಯಿದೆ. ಏನು ನೋಡಬೇಕೆಂದು ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡರೆ ಸಾಕು, ಪ್ರೊಫೆಸರ್ ಆಗಿರಬೇಕೆಂದಿಲ್ಲ.

ನಾನು ಹೋದದ್ದು ಒಮ್ಮೆ, ಬೇರೊಂದು ಊರಿನಲ್ಲಿ, ಮಳೆ ಸುರಿಯುತ್ತಿದ್ದ ಒಂದು ಮಂಗಳವಾರ. ಕೈ ತೊಳೆದು ಒರೆಸಿಕೊಳ್ಳಲು ಹೇಳಿದರು. ಪೆನ್ನು ತೆಗೆದಿಟ್ಟು ಪೆನ್ಸಿಲ್ ಕೊಟ್ಟರು. ಕಪ್ಪು ಪೆಟ್ಟಿಗೆಯೊಂದು ಬಂತು. ಅದರೊಳಗೆ ದಪ್ಪ ರಟ್ಟಿನ ಚೌಕಟ್ಟು, ಚೌಕಟ್ಟಿನ ನಡುವೆ ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಕಾಗದ: 1630ರಲ್ಲಿ ಡಚ್ ಕಲಾವಿದ ರೆಂಬ್ರಾಂಟ್ ಎಚಿಂಗ್‌ನಲ್ಲಿ ಮಾಡಿದ ತನ್ನದೇ ಮುಖ, ಟೋಪಿ ಹಾಕಿ ಕಣ್ಣರಳಿಸಿ ಬಾಯಿ ತೆರೆದದ್ದು. ಸುಮಾರು ಐದು ಸೆಂಟಿಮೀಟರ್ ಎತ್ತರ. ನಡುವೆ ಗಾಜಿಲ್ಲ. ಚೌಕಟ್ಟನ್ನು ಸ್ವಲ್ಪ ವಾಲಿಸಿದರೆ ಓರೆಯಾಗಿ ಬಿದ್ದ ಬೆಳಕಿನಲ್ಲಿ ಕಾಗದದ ಸುತ್ತ ತಾಮ್ರದ ತಗಡು ಒತ್ತಿದ ತಗ್ಗು ಕಂಡಿತು. ಇಪ್ಪತ್ತಮೂರು ನಾಲ್ಕರ ಹುಡುಗ ಕನ್ನಡಿಯ ಮುಂದೆ ಅಣಕಿಸುತ್ತ ಗೀರಿದ ಗೆರೆಗಳು, ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿಗಿಂತ ತೆಳ್ಳಗೆ. ನಲವತ್ತು ನಿಮಿಷ ಕೂತಿದ್ದೆ. ಯಾರೂ ಹೊತ್ತಾಯಿತು ಅನ್ನಲಿಲ್ಲ.

ಈ ಸೌಲಭ್ಯ ಈಗ ಬೇರೆ ರೂಪಗಳಲ್ಲೂ ಬರುತ್ತಿದೆ. ರಾಟರ್‌ಡ್ಯಾಮಿನ ಬೊಯ್‌ಮನ್ಸ್ ಮ್ಯೂಸಿಯಂ 2021ರಲ್ಲಿ ತನ್ನ ಉಗ್ರಾಣವನ್ನೇ ಜನರಿಗೆ ತೆರೆಯಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2025ರಲ್ಲಿ ತೆರೆದ ಈಸ್ಟ್ ಸ್ಟೋರ್‌ಹೌಸ್‌ನಲ್ಲಿ ಐದು ವಸ್ತುಗಳವರೆಗೆ ಆರಿಸಿ, ದಿನ ಗೊತ್ತುಮಾಡಿಕೊಂಡು ಹೋಗಿ ಹತ್ತಿರದಿಂದ ನೋಡಬಹುದು. ಕಣ್ಣು ಕಾಣದವರಿಗೂ ದಾರಿಗಳಿವೆ: ಕೆಲವು ಶಿಲ್ಪಗಳನ್ನು ಮುಟ್ಟಿ ನೋಡುವ ಪ್ರವಾಸ, ಬಾಯಿಮಾತಿನಲ್ಲಿ ಚಿತ್ರ ಬಿಡಿಸಿ ಹೇಳುವ ಮಾರ್ಗದರ್ಶಕರು. ಮ್ಯಾಡ್ರಿಡ್ಡಿನ ಪ್ರಾಡೊ 2015ರಲ್ಲಿ ಹೆಸರಾಂತ ಚಿತ್ರಗಳ ಉಬ್ಬು ಪ್ರತಿಗಳನ್ನು ಮಾಡಿಸಿ ಬೆರಳಿನಿಂದ ನೋಡಲು ಇಟ್ಟಿತ್ತು. ದೊಡ್ಡ ಅಕ್ಷರದ ಲೇಬಲ್ ಪುಸ್ತಕ, ಮಕ್ಕಳಿಗೆ ಚಿತ್ರ ಬರೆಯುವ ಚೀಲ, ಗದ್ದಲ ಕಡಿಮೆಯಿರುವ ವಿಶೇಷ ಹೊತ್ತು, ಇವೆಲ್ಲ ಅನೇಕ ಕಡೆ ಉಂಟು. ಮುಂಬಾಗಿಲ ಡೆಸ್ಕಿನಲ್ಲಿ ವಿಚಾರಿಸಿ. ಅಂಗಡಿ, ಕೆಫೆ ಬಗ್ಗೆ ನಾನು ಹೇಳುವುದೇನಿದೆ, ಅವನ್ನು ನಮ್ಮವರು ತಾವೇ ಹುಡುಕಿಕೊಳ್ಳುತ್ತಾರೆ.

ಸಿಗದಿರುವುದೂ ಒಂದಿದೆ. ಅಜ್ಜನ ಕಾಲದ ಚಿತ್ರದ ಫೋಟೋ ತೋರಿಸಿ ಇದರ ಬೆಲೆ ಎಷ್ಟಾಗಬಹುದು ಎಂದು ಅಂದು ನಮ್ಮ ಸ್ನೇಹಿತರೊಬ್ಬರು ಡೆಸ್ಕಿನಲ್ಲಿ ಕೇಳಿದರು. ಸಾರ್ವಜನಿಕ ಗ್ಯಾಲರಿಗಳು ಸಾಮಾನ್ಯವಾಗಿ ಬೆಲೆ ಕಟ್ಟುವುದಿಲ್ಲ. ಚಿತ್ರ ಕೊಳ್ಳುವವರೂ ಅವರೇ ಆಗಿರುವಾಗ ಬೆಲೆ ಹೇಳುವುದು ಸರಿಯಾಗದು. ಹರಾಜು ಸಂಸ್ಥೆಗೆ ಹೋಗಿ ಎಂದು ಕಳಿಸಿದರು. ಸ್ನೇಹಿತರ ಮುಖ ಸಪ್ಪಗಾಯಿತು.

ಇನ್ನು ನನ್ನ ದೂರು. ಅಂದು ಲಿಫ್ಟ್ ಕೆಟ್ಟಿತ್ತು. ವೆಬ್‌ಸೈಟಿನಲ್ಲಿ ಆ ಸುದ್ದಿ ಇರಲಿಲ್ಲ, ಬಾಗಿಲಲ್ಲೂ ಬರೆದಿರಲಿಲ್ಲ. ಆ ತಾಯಿ ಮೆಟ್ಟಿಲ ಮೇಲೆ ಕೂರುವ ಹಾಗಾದದ್ದಕ್ಕೆ ಅದೂ ಕಾರಣ. ಬರೆದು ತಿಳಿಸಿದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು: ಕ್ಷಮೆ ಕೇಳಿದ್ದರು, ಇನ್ನು ಮುಂದೆ ಲಿಫ್ಟ್ ನಿಂತರೆ ಮೊದಲ ಪುಟದಲ್ಲೇ ಹಾಕುತ್ತೇವೆ ಎಂದಿದ್ದರು. ಹಾಕಿದ್ದಾರೆಯೇ ಎಂದು ವಾರಕ್ಕೊಮ್ಮೆ ನೋಡುತ್ತಿರುವುದು ನನ್ನ ಕೆಟ್ಟ ಚಟ. ದೂರು ಕೊಡುವುದೆಂದರೆ ನಮಗೆ ಜಗಳ ಆಡಿದ ಹಾಗೆ. ಅವರಿಗೆ ಅದು ಫೈಲು ಸೇರುವ ಒಂದು ಕಾಗದ, ಉತ್ತರ ಕೊಡಬೇಕಾದ ಕಾಗದ.

ಕೇಳಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ನನಗೆ ಪ್ರಿಯವಾದ ಕಥೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯದು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಅಲ್ಲಿನ ಚಿತ್ರಗಳನ್ನೆಲ್ಲ ವೇಲ್ಸಿನ ಮ್ಯಾನಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಸಾಗಿಸಿದ್ದರು. ಗೋಡೆಗಳು ಬೋಳು. 1942ರ ಆರಂಭದಲ್ಲಿ ಪತ್ರಿಕೆಗೆ ಒಂದು ಓದುಗರ ಪತ್ರ ಬಂತು: ಲಂಡನ್ನಿನ ಮುಖವೇ ಗಾಯಗೊಂಡಿರುವಾಗ ನಮಗೆ ಚೆಲುವಾದದ್ದನ್ನು ನೋಡುವ ಅಗತ್ಯ ಹೆಚ್ಚು, ಒಂದೆರಡು ಚಿತ್ರವನ್ನಾದರೂ ತೋರಿಸಬಾರದೇ ಎಂಬ ಅರ್ಥದ್ದು. ನಿರ್ದೇಶಕರಾಗಿದ್ದ ಕೆನೆತ್ ಕ್ಲಾರ್ಕ್ ಒಪ್ಪಿದರು. ತಿಂಗಳಿಗೊಂದು ಚಿತ್ರ ಗಣಿಯಿಂದ ಬಂದು ಆ ಬೋಳು ಕಟ್ಟಡದಲ್ಲಿ ಒಂಟಿಯಾಗಿ ನಿಂತಿತು. ಮೊದಲ ಸರದಿ ಇಟಲಿಯ ಹಳೆಯ ಕಲಾವಿದ ಟಿಷಿಯನ್ನನ 'ನೋಲಿ ಮೆ ಟಾಂಜೆರೆ'ಯದು. ಜನ ಒಂದೇ ಚಿತ್ರ ನೋಡಲು ಬಂದರು. ಅವರು ಅದರ ಮುಂದೆ ಎಷ್ಟು ಸೆಕೆಂಡು ನಿಂತರೆಂದು ಯಾರೂ ಗಡಿಯಾರ ಹಿಡಿದಿರಲಾರರು, ಆದರೆ 27ಕ್ಕಿಂತ ಹೆಚ್ಚೇ ಇರಬೇಕು.

ಸಂಘದ ಮುಂದಿನ ಭೇಟಿಗೆ ಈ ಸಲ ಬುಕ್ ಮಾಡಿದ್ದೇವೆ. ಹದಿನೆಂಟು ಜನ, ಎರಡು ಕೋಣೆ ಮಾತ್ರ, ಕನ್ನಡದಲ್ಲಿ ವಿವರಣೆಗೆ ಒಪ್ಪಿಗೆಯೂ ಬಂದಿದೆ. ಆರು ಸ್ಟೂಲು, ಒಂದು ಗಾಲಿಕುರ್ಚಿ ಬೇಕೆಂದು ಬರೆದಿದ್ದೆ. ಕ್ಲೋಕ್‌ರೂಮಿನ ಆ ಹುಡುಗಿಯೇ ಉತ್ತರಿಸಿದ್ದಾಳೆ: ಎಂಟೂ ತೆಗೆದಿಡುತ್ತೇನೆ, ನೀವು ಬರುವವರೆಗೆ ಬೇರೆ ಯಾರೂ ಕೇಳುವುದಿಲ್ಲ. ತಾಯಿಯವರಿಗೆ ಫೋನ್ ಮಾಡಿ ಹೇಳಿದೆ. "ಮೊದಲು ಲಿಫ್ಟ್ ಸರಿಯಿದ್ಯಾ ಕೇಳಪ್ಪ" ಅಂದರು.