ಬೀರುವಿನಿಂದ ಹೊರಬಂದ ಮೇಷ್ಟ್ರು

ಏಳನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಹೋದ ಶನಿವಾರ ಮಕ್ಕಳಿಗೆ ಹ್ಯಾರಿ ಪಾಟರ್ ಸರಣಿಯ ಮೂರನೇ ಚಿತ್ರ, 2004ರ 'ಪ್ರಿಸನರ್ ಆಫ್ ಅಜ್ಕಬಾನ್' ತೋರಿಸಿದೆವು. ಒಟ್ಟು 142 ನಿಮಿಷ, ಹಾಗಾಗಿ ಮೊದಲ ಭಾಗ ಮಾತ್ರ. ಮರುದಿನವೇ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ. ಮಾಟ ಮಂತ್ರದ ಸಿನಿಮಾ ಶಾಲೆಯಲ್ಲಿ ಯಾಕೆ, ಮಗು ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ ಎಂದಿರಿ. ಮೊದಲೇ ತಿಳಿಸಬೇಕಿತ್ತು. ತಪ್ಪು ನನ್ನದೇ.

ಲೈಟ್ ಆರಿಸದಿರುವುದು ಡಿಮೆಂಟರ್‌ಗಳ ಕೆಲಸ ಇರಬೇಕು. ಕಪ್ಪು ಮುಸುಕಿನ ಜೈಲು ಕಾವಲುಗಾರರು. ಹತ್ತಿರ ಬಂದರೆ ಮೈ ಕೊರೆಯುತ್ತದೆ, ಮನಸ್ಸಿನ ಖುಷಿಯೆಲ್ಲ ಬತ್ತಿಹೋಗುತ್ತದೆ. ರೈಲಿನಲ್ಲಿ ಹ್ಯಾರಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಎದ್ದಾಗ ಹೊಸ ಮೇಷ್ಟ್ರು ಲೂಪಿನ್ 'ಇಷ್ಟಕ್ಕೆಲ್ಲ ಹೆದರ್ತಾರಾ' ಅನ್ನುವುದಿಲ್ಲ. ತಿನ್ನಲು ಚಾಕೊಲೇಟ್ ಕೊಡುತ್ತಾರೆ.

ಆದರೆ ನಾವು ಈ ಚಿತ್ರ ಆರಿಸಿದ್ದು ಲೂಪಿನ್ ಅವರ ಒಂದು ಪಾಠಕ್ಕಾಗಿ. ತರಗತಿಯಲ್ಲಿ ಒಂದು ಬೀರು. ಒಳಗಿಂದ ಏನೋ ದಡದಡ ಬಡಿಯುತ್ತಿದೆ. ಅದು ಬೊಗಾರ್ಟ್. ಎದುರು ಯಾರು ನಿಂತರೂ ಅವರು ಯಾವುದಕ್ಕೆ ಜಾಸ್ತಿ ಹೆದರುತ್ತಾರೋ ಆ ರೂಪ ತಾಳುತ್ತದೆ. ನಗು ಬಂತೋ, ಅದರ ಆಟ ಮುಗೀತು. ಹ್ಯಾರಿಯ ಸಹಪಾಠಿಗಳಲ್ಲಿ ರಾನ್‌ಗೆ ಜೇಡ, ಪಾರ್ವತಿಗೆ ಹಾವು. ಎಲ್ಲರಿಗಿಂತ ಮೊದಲು ಕರೆದದ್ದು ನೆವಿಲ್‌ನನ್ನು. ಯಾವುದರ ಭಯ ಅಂದರೆ ಬಾಯೊಳಗೇ ಹೇಳುತ್ತಾನೆ: ಸ್ನೇಪ್ ಮೇಷ್ಟ್ರು. ಬೀರುವಿನ ಬಾಗಿಲು ತೆರೆದರೆ ದಿನಾ ಪಾಠ ಮಾಡುವವರೇ ಹೊರಗೆ ಬರುತ್ತಾರೆ! ನೆವಿಲ್ ಮಂತ್ರ ಹೇಳುತ್ತಾನೆ, ಸ್ನೇಪ್ ಮೈಮೇಲೆ ನೆವಿಲ್‌ನ ಅಜ್ಜಿಯ ಬಟ್ಟೆ, ಟೋಪಿ, ಕೈಯಲ್ಲಿ ಹ್ಯಾಂಡ್‌ಬ್ಯಾಗ್.

ಸಿನಿಮಾ ನಿಲ್ಲಿಸಿ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆವು. ನಿನ್ನ ಬೀರುವಿನಿಂದ ಏನು ಬರುತ್ತೆ ಬರಿ, ಹೆಸರು ಬೇಡ ಅಂತ. ಹಲ್ಲಿ, ಜಿರಳೆ, ಕರೆಂಟ್ ಹೋದಾಗಿನ ಬಾತ್‌ರೂಮ್. ಒಂದರಲ್ಲಿ 'ಮಾರ್ಕ್ಸ್ ಕಾರ್ಡ್ ದಿನ ಅಪ್ಪ ಚಪ್ಪಲಿ ಬಿಡೋ ಸದ್ದು' ಎಂದಿತ್ತು. ಯಾರದು ಅಂತ ಮನೆಯಲ್ಲಿ ವಿಚಾರಣೆ ಮಾಡಬೇಡಿ. ನನಗೆ ಅಕ್ಷರದ ಗುರುತು ಸಿಕ್ಕಿದೆ, ಸುಮ್ನಿದ್ದೇನೆ.

ಇನ್ನೂ ಮೂರು ಚೀಟಿಗಳಲ್ಲಿ ಒಂದೇ ಉತ್ತರ: 'ಕಾರಿಡಾರ್‌ನಲ್ಲಿ ಹೆಡ್ ಮಿಸ್ ಬಳೆ ಸದ್ದು.' ನಾನು ಬರುತ್ತಿದ್ದೇನೆ ಅಂತ ಗೊತ್ತಾಗಲಿ ಎಂದೇ ಇಷ್ಟು ವರ್ಷ ಕೈ ಜೋರಾಗಿ ಬೀಸುತ್ತಾ ನಡೆದವಳು ನಾನು. ಅವತ್ತು ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಆ ಸದ್ದೇ ಕೇಳಿಸುತ್ತಿತ್ತು. ಸೋಮವಾರದಿಂದ ಬಳೆ ನನ್ನ ಮೇಜಿನ ಡ್ರಾಯರ್‌ನಲ್ಲಿವೆ.

ಇನ್ನು ಮಂತ್ರದ ವಿಷಯ. ಡಿಮೆಂಟರ್ ಓಡಿಸುವ ಮಂತ್ರ ಬಾಯಿಪಾಠ ಆದರೆ ಸಾಲದು, ತುಂಬಾ ಖುಷಿಯ ನೆನಪೊಂದು ಬೇಕು. ಮೊದಲ ಸಲ ಪೊರಕೆ ಏರಿ ಹಾರಿದ ನೆನಪು ಹ್ಯಾರಿಗೆ ಸಾಲುವುದಿಲ್ಲ. ಅವನು ಕೂಸಾಗಿದ್ದಾಗಲೇ ತೀರಿಕೊಂಡ ಅಪ್ಪ ಅಮ್ಮ ಮಾತಾಡುತ್ತಿದ್ದ ನೆನಪೊಂದನ್ನು ಹಿಡಿದುಕೊಂಡ ಮೇಲೆ ಮಂತ್ರ ಫಲಿಸುತ್ತದೆ, ಅದೂ ನಿಜವೋ ಅಲ್ವೋ ಅಂತ ಅವನಿಗೇ ಗೊತ್ತಿಲ್ಲ. 'ನಾನು ಪುಟ್ಟ ಇದ್ದಾಗ ಏನು ಮಾಡ್ತಿದ್ದೆ' ಅಂತ ಈ ವಾರ ನಿಮ್ಮನ್ನು ಯಾರಾದರೂ ಕೇಳಿದರೆ ಅದು ನಾವು ಕೊಟ್ಟ ಹೋಂವರ್ಕ್.

ಉಳಿದ ಭಾಗ ಬರುವ ಶನಿವಾರ ಮಧ್ಯಾಹ್ನ 2ಕ್ಕೆ. ಅದರಲ್ಲಿ ಡಿಮೆಂಟರ್‌ಗಳು ಇನ್ನೂ ಜಾಸ್ತಿ, ಮನುಷ್ಯ ತೋಳವಾಗುವ ದೃಶ್ಯವೂ ಇದೆ. ಬೇಡ ಅನಿಸಿದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, ಆ ಮಕ್ಕಳಿಗೆ ಲೈಬ್ರರಿ ತೆರೆದಿರುತ್ತದೆ. ಅವತ್ತೊಂದು ದಿನ ಚಾಕೊಲೇಟ್ ತರಲು ಅನುಮತಿ ಇದೆ.

ಇಂತಿ,
ಹೆಡ್ ಮಿಸ್