ಸರ್ವಾಶ್ ಶಿಬಿರದ ಬಗ್ಗೆ ನಿನಗೊಂದು ಉತ್ತರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಯಹೂದಿ ಮಕ್ಕಳಿಗೇ ಅಂತ ಬೇರೆ ಶಿಬಿರ ಯಾಕೆ ಮಾರಾಯ, ನಮ್ಮ ಜಾತಿ ಹಾಸ್ಟೆಲ್ ಥರಾನೇ ಆಯ್ತಲ್ವಾ?" ಅಂತ. ಆಗ ಏನೋ ಗೊಣಗಿ ಮಾತು ಬದಲಿಸಿದ್ದೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು.

ನಾನು ಹೇಳುತ್ತಿದ್ದದ್ದು ಹಂಗೇರಿಯ ಸರ್ವಾಶ್ ಅನ್ನುವ ಸಣ್ಣ ಊರಿನ ಬೇಸಿಗೆ ಶಿಬಿರದ ಬಗ್ಗೆ. ಕೊರೊಶ್ ನದಿಯ ದಂಡೆಯ ಊರು. ಅಮೆರಿಕದ 'ಜಾಯಿಂಟ್' ಅನ್ನುವ ಯಹೂದಿ ನೆರವು ಸಂಸ್ಥೆ ಮತ್ತು ಅಲ್ಲಿನ ಉದ್ಯಮಿ ರೊನಾಲ್ಡ್ ಲಾಡರ್ ಅವರ ಪ್ರತಿಷ್ಠಾನ ಸೇರಿ 1990ರಲ್ಲಿ ಇದನ್ನು ಶುರು ಮಾಡಿದವು.

ಆ ಇಸವಿ ನೋಡು. ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಆಡಳಿತಗಳು ಆಗಷ್ಟೇ ಬಿದ್ದಿದ್ದವು. 1944ರಲ್ಲಿ ಎರಡು ತಿಂಗಳೊಳಗೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಜಾಸ್ತಿ ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದ್ದರು. ಹೆಚ್ಚಿನವರು ಹೋದದ್ದು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ. ಬದುಕಿ ಉಳಿದವರಲ್ಲಿ ಎಷ್ಟೋ ಜನ ತಾವು ಯಹೂದಿಗಳು ಅಂತ ಆಮೇಲೆ ಬಾಯಿ ಬಿಡಲಿಲ್ಲ. ಮಕ್ಕಳಿಗೂ ಹೇಳಲಿಲ್ಲ. ಜಾತಿ ಹಾಸ್ಟೆಲ್‌ಗೆ ಬರುವ ಹುಡುಗನಿಗೆ ತಾನು ಯಾರ ಪೈಕಿ ಅಂತ ತೊಟ್ಟಿಲಿನಿಂದಲೇ ಗೊತ್ತಿರುತ್ತದೆ. ಇಲ್ಲಿಗೆ ಮೊದಲು ಬಂದ ಮಕ್ಕಳಲ್ಲಿ ಹಲವರಿಗೆ ಅದೇ ಹೊಸ ಸುದ್ದಿ. ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚುವುದು, ರೊಟ್ಟಿ ಮುರಿದು ಹಂಚುವುದು, ಆ ಪ್ರಾರ್ಥನೆ ಎಲ್ಲ ಕಲಿತದ್ದು ಶಿಬಿರದಲ್ಲಿ. ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳಿಕೊಟ್ಟವರೂ ಇದ್ದಾರೆ! ನಮ್ಮಲ್ಲಿ ಸಂಪ್ರದಾಯ ಅಜ್ಜಿಯಿಂದ ಕೆಳಗೆ ಇಳಿಯುತ್ತದೆ. ಅಲ್ಲಿ ಮೊಮ್ಮಗಳಿಂದ ಮೇಲಕ್ಕೆ ಹತ್ತಬೇಕಾಯಿತು.

ಈಗ ಪ್ರತಿ ಬೇಸಿಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಮಕ್ಕಳು ಬರುತ್ತಾರೆ. ಪೋಲೆಂಡ್, ರೊಮೇನಿಯಾ, ಬಲ್ಗೇರಿಯಾ, ಟರ್ಕಿ, ಇಸ್ರೇಲ್, ಅಮೆರಿಕ. ಭಾಷೆಯದ್ದೇ ದೊಡ್ಡ ಪೀಕಲಾಟ. ಒಂದು ಮಾತು ಹೇಳಿದರೆ ಅದು ನಾಲ್ಕಾರು ಭಾಷೆಗೆ ತಿರುಗಬೇಕು. ತಮಾಷೆ ಮಾಡಿದರಂತೂ ಒಂದೊಂದು ಗುಂಪಿನವರು ಒಂದೊಂದು ಹೊತ್ತಿಗೆ ನಗಬೇಕು, ಪಾಪ.

ಮುಂಬೈಯಿಂದಲೂ ಮಕ್ಕಳು ಹೋಗಿದ್ದಾರೆ ಗೊತ್ತಾ? ಬೆನೆ ಇಸ್ರೇಲ್ ಸಮುದಾಯದವರು. ಇವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡು ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಅವತ್ತು ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಊರಿನವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ತಾವು ಯಾರು ಅನ್ನುವುದನ್ನು ಅಡಗಿಸಿಟ್ಟುಕೊಳ್ಳುವ ಗರಜೇ ಬೀಳಲಿಲ್ಲ. ಅಂಥ ಮನೆಯ ಹುಡುಗಿಯೊಬ್ಬಳು ಪೋಲೆಂಡಿನ ಹುಡುಗನ ಪಕ್ಕ ಶುಕ್ರವಾರ ಸಂಜೆಯ ಊಟಕ್ಕೆ ಕೂತರೆ ಹೇಗಿರಬಹುದು ಅಂತ ಯೋಚಿಸು. ಅವಳಿಗೆ ವಾರವಾರದ ಮಾಮೂಲಿ, ಅವನಿಗೆ ಮನೆಯಲ್ಲಿ ಯಾರೂ ಹೇಳದೇ ಹೋದ ವಿಷಯ. ನನ್ನ ಕೇಳಿದರೆ ಶಿಬಿರದ ನಿಜವಾದ ಪಾಠ ಆ ಊಟದ ಮೇಜಿನಲ್ಲೇ.

ಬೇರೆಯವರಿಗೆ ಬಾಗಿಲು ಹಾಕಿದ ಹಾಗಾಗಲಿಲ್ಲವಾ ಅಂದರೆ, ಹೌದು, ಸ್ವಲ್ಪ ಆಯಿತು. ಅದನ್ನು ಒಪ್ಪುತ್ತೇನೆ. ಶಿಬಿರ ಎರಡು ವಾರವೂ ಇರುವುದಿಲ್ಲ, ಆಮೇಲೆ ಎಷ್ಟೋ ಮಕ್ಕಳು ತಮ್ಮವರು ಬೆರಳೆಣಿಕೆಯಷ್ಟೇ ಇರುವ ಊರಿಗೆ ವಾಪಸ್ ಹೋಗುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೋ.

ನಿನ್ನ ತಕರಾರು ಇದ್ದೇ ಇರುತ್ತದೆ. ಫೋನ್ ಬೇಡ, ಬರೆ.

ನಿನ್ನ ಗೆಳೆಯ