ಅತ್ತಿಗೆಗೆ, ಮತ್ತೆ ಉಳಿದವರಿಗೆಲ್ಲ

ಸೋಮವಾರ ವೈವಾ ಮುಗಿಯಿತು. ಅಂತರರಾಷ್ಟ್ರೀಯ ಭಯೋತ್ಪಾದನೆಯಲ್ಲಿ ಜನರನ್ನು ಒತ್ತೆ ಹಿಡಿಯುವ ತಂತ್ರದ ಬಗ್ಗೆ ಬರೆದ ಪ್ರಬಂಧಕ್ಕೆ ಕೊನೆಗೂ ಪಿಎಚ್‌.ಡಿ. ಬಂತು. ಇಷ್ಟು ವರ್ಷ ಫೋನ್ ಎತ್ತದಿದ್ದರೂ ಬೈಯದೆ ಬಿಟ್ಟವರಿಗೆಲ್ಲ ಥ್ಯಾಂಕ್ಸ್.

ನಮ್ಮ ಗೈಡ್ ಮೇಡಂ, ಲೈಬ್ರರಿಯವರು, ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ರೂಮಿಗೆ ಬರುತ್ತಿದ್ದ ಗೆಳೆಯರು, ಡಿಟಿಪಿ ಅಂಗಡಿಯವರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಡಿಟಿಪಿಯವರಿಗೆ ಬಾಕಿಯನ್ನೂ ಕೊಡುತ್ತೇನೆ.

ಅತ್ತಿಗೆ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತು. ಬಳ್ಳಾರಿಯಲ್ಲಿ ಐಸಿಯು ಹೊರಗೆ ಆ ರಾತ್ರಿ ನಾವಿಬ್ಬರೇ. ಅಣ್ಣ ಇನ್ನೂ ಬೆಂಗಳೂರಿನ ಬಸ್ಸಿನಲ್ಲಿದ್ದ. ಬಾಗಿಲು ಸದ್ದಾದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅತ್ತಿಗೆ ನನ್ನ ಬ್ಯಾಗಿನಿಂದ ಪ್ರಿಂಟೌಟ್ ತೆಗೆದು ಕೈಗಿಟ್ಟು, "ಓದು ತಮ್ಮಾ, ಏನ್ ಬರದೀ ಕೇಳ್ತೀನಿ" ಅಂದರು. ಸಿಕ್ಕಿದ್ದು ಕಂದಹಾರ್ ಅಧ್ಯಾಯ.

ಓದಿದೆ. 1999ರ ಡಿಸೆಂಬರ್ 24ಕ್ಕೆ ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ-814, ಅದನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರಿಗೆ ಒಯ್ದದ್ದು. ಅಪಹರಣಕಾರರು 36 ಕೈದಿಗಳನ್ನೂ 20 ಕೋಟಿ ಡಾಲರನ್ನೂ ಕೇಳಿದ್ದು. ಚೌಕಾಸಿ ನಡೆದು ನಡೆದು 31ಕ್ಕೆ ಜೈಲಿನಲ್ಲಿದ್ದ ಉಗ್ರ ಮಸೂದ್ ಅಜರ್ ಸೇರಿ ಮೂವರನ್ನು ಬಿಟ್ಟು ಪ್ರಯಾಣಿಕರನ್ನು ಕರೆತಂದದ್ದು.

"ಇದೆಲ್ಲ ಸರ್ಕಾರದ ಮಾತಾತು. ಅವರ ಮನಿ ಮಂದಿ ಅಷ್ಟು ದಿನ ಎಲ್ಲಿ ಕುಂತಿದ್ರು? ಅವರಿಗೆ ಯಾರು ಸುದ್ದಿ ಹೇಳ್ತಿದ್ರು?"

ಉತ್ತರ ಗೊತ್ತಿತ್ತು. ದೆಹಲಿಯಲ್ಲಿ ಪ್ರಧಾನಿ ಮನೆ ಮುಂದೆ ಬಂದು ಕೂಗಾಡಿದ್ದರು, ಟೀವಿಯಲ್ಲಿ ಅದೇ ಬರುತ್ತಿತ್ತು. ಒತ್ತೆ ಹಿಡಿದವನಿಗೆ ಬೇಕಿದ್ದದ್ದೂ ಅದೇ. ವಿಮಾನದೊಳಗಿನ ಬಂದೂಕು ಸರ್ಕಾರವನ್ನು ಮಣಿಸುವುದು ಈ ಮನೆಯವರ ಮೂಲಕ. ಹೇಳೋಕೆ ಬಾಯಿ ತೆರೆದೆ, ಅಳು ಬಂತು. ಜೋರಾಗಿಯೇ ಅತ್ತೆ, ವಾರ್ಡ್ ಬಾಯ್ ತಿರುಗಿ ನೋಡುವಷ್ಟು. ಅತ್ತಿಗೆ ಸಮಾಧಾನದ ಮಾತು ಏನೂ ಆಡಲಿಲ್ಲ. ಬಿದ್ದ ಹಾಳೆಗಳನ್ನು ನಂಬರ್ ನೋಡಿ ಜೋಡಿಸಿ, ಸೆರಗಿನಿಂದ ಒರೆಸಿ, "ಮುಂದ ಓದು" ಅಂದರು. ಬೆಳಗಿನ ತನಕ ಓದಿಸಿದರು.

ಕಾಯುವವರ ಮೇಲೆ ಒಂದು ಅಧ್ಯಾಯ ಸೇರಿದ್ದು ಆಮೇಲೆ. 2015ರಲ್ಲಿ ಲಿಬಿಯಾದ ಸಿರ್ತ್ ಹತ್ತಿರ ನಾಲ್ವರು ಭಾರತೀಯರನ್ನು ಹಿಡಿದಿದ್ದರಲ್ಲ, ಅವರಲ್ಲಿ ನಮ್ಮ ರಾಯಚೂರಿನವರೂ ಒಬ್ಬರಿದ್ದರು. ಇಬ್ಬರು ಬೇಗ ಬಿಡುಗಡೆಯಾದರು. ಉಳಿದಿಬ್ಬರ ಮನೆಯವರು 2016ರವರೆಗೆ ಕಾದರು. ಒಂದೇ ಘಟನೆ, ಎರಡು ಥರದ ಕಾಯುವಿಕೆ. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೂ ಇದರ ಮೇಲೇ.

ಅಣ್ಣಾ, ಬೆಳಿಗ್ಗೆ ಬಂದವನೇ ನೀನು ಚಾ ಕುಡಿಸಿದ್ದೂ ನೆನಪಿದೆ, ಮುನಿಸ್ಕೋಬೇಡ. ಅಪ್ಪ ಈಗ ಸಿರುಗುಪ್ಪದ ಮನೆಯಲ್ಲಿದ್ದಾರೆ. ನೋಡೋಕೆ ಬರುವವರು ಸಂಜೆ ಬನ್ನಿ, ಮಧ್ಯಾಹ್ನ ಮಲಗಿರುತ್ತಾರೆ.